ರ್‍ಯಾಲಿ ರಸ್ತೆಯಲ್ಲಿ ಹುರುಳಿ ಕಣ

ದೇವರಾಜನಿಗೆ ಕೋಪ ಬಂದರೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಬಾಯಿ ಬಿಚ್ಚುತ್ತದೆ. ನಡುವೆ ಒಂದು ಉಸಿರಿನಷ್ಟು ಬಿಡುವಿರುತ್ತದೆ. ಅವನನ್ನು ಬಲ್ಲವರು ಆ ಬಿಡುವಿನಲ್ಲೇ ಜಾಗ ಖಾಲಿ ಮಾಡುತ್ತಾರೆ. ಆ ಶನಿವಾರ ಬೆಳಗ್ಗೆ ಎಂಟು ಇಪ್ಪತ್ತಕ್ಕೆ, ಹಿರೇಕಲ್ಲಳ್ಳಿಯ ಕೆರೆ ಏರಿ ಇಳಿದು ಎಡಕ್ಕೆ ಹೊರಳುವ ತಿರುವಿನಲ್ಲಿ ಜಿಪ್ಸಿಯ ಬ್ರೇಕು ತುಳಿದಾಗ ಆ ಬಿಡುವೂ ಇರಲಿಲ್ಲ.

"ಯಾವನ್ಲಾ ಅವ್ನು ಇದ್ನ ಆಕ್ದೋನು!"

ತಿರುವಿನಿಂದ ಇನ್ನೂರು ಹೆಜ್ಜೆಯವರೆಗೆ ಡಾಂಬರು ಕಾಣುತ್ತಿರಲಿಲ್ಲ. ಈ ಅಂಚಿನಿಂದ ಆ ಅಂಚಿಗೆ ಮೊಣಕಾಲೆತ್ತರ ಹುರುಳಿ ಗಿಡ ಹರಡಿತ್ತು. ಒಣಗಿದ ಕಾಯಿ ಬಿಸಿಲಿಗೆ ಚಟಚಟ ಎನ್ನುತ್ತಿತ್ತು. ಅದರಾಚೆ ಇನ್ನು ಮೂರು ಮನೆಯ ಹುರುಳಿ, ಅದರಾಚೆ ಕೆಂಚಯ್ಯನ ರಾಗಿ ತೆನೆ. ರಸ್ತೆ ಮೇಲೆ ಒಕ್ಕಣೆ ಮಾಡಬಾರದು ಎಂದು ಬರೆದ ಬೋರ್ಡೊಂದು ಪಕ್ಕದಲ್ಲೇ ನಿಂತಿತ್ತು. ಅದರ ಕಂಬಕ್ಕೆ ಯಾರೋ ಟಾರ್ಪಾಲಿನ ಮೂಲೆ ಕಟ್ಟಿದ್ದರು.

ಪಕ್ಕದ ಸೀಟಿನಲ್ಲಿ ವೈರ್‌ಲೆಸ್ ಹಿಡಿದು ಕೂತಿದ್ದವಳು ಮೇಘಶ್ರೀ, ಅವನ ಅಕ್ಕನ ಮಗಳು. ಹೊಳೆನರಸೀಪುರದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಹುಡುಗಿ, ಮಾವನ ಮಾತಿಗೆ ರಜೆ ಹಾಕಿ ಬಂದಿದ್ದಳು. ಅವಳು ಗಡಿಯಾರ ನೋಡಿ ಮೆಲ್ಲಗೆ ಅಂದಳು: "ಮಾಮ, ಒಂಬತ್ತಕ್ಕೆ ರೋಡು ನೋಡೋಕೆ ಬಂದಿರೋ ಮೇಡಂ ಕಾರು ಬತ್ತದೆ. ಒಂಬತ್ತೂ ನಲವತ್ತಕ್ಕೆ ಮೊದಲ್ನೇ ರೇಸ್ ಕಾರು."

ಅದು ಸಾಮಾನ್ಯದ ರೇಸಲ್ಲ. ಹಿಮ ಬೀಳುವ ನಾಲ್ಕು ದೇಶಗಳಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ರ್‍ಯಾಲಿ ಪಂದ್ಯ ಅದು. ವರ್ಷಕ್ಕೊಂದು ದೇಶ ಸೇರಿಸಿಕೊಂಡು ಆಫ್ರಿಕಾದ ಕೆಮ್ಮಣ್ಣಿಗೆ, ಅರಬ್ಬರ ಮರಳಿಗೆ, ಸಮುದ್ರದಾಚೆಯ ಕಾಡುಗಳಿಗೆ ಹಬ್ಬಿ, ಈಗ ಹದಿಮೂರು ದೇಶದಲ್ಲಿ ನಡೆಯುತ್ತಿತ್ತು. ಹದಿನಾಲ್ಕನೆಯದು ಇಂಡಿಯಾ ಆಗಬೇಕು ಎಂದು ಮೇಲಿನವರು ಮನಸ್ಸು ಮಾಡಿದ್ದರು. ಆದರೆ ಮನಸ್ಸು ಮಾಡಿದ ಮಾತ್ರಕ್ಕೆ ಕೊಡುವವರಲ್ಲ. ಒಂದು ವರ್ಷ ಪರೀಕ್ಷೆಗೆ ಓಡಿಸಿ ತೋರಿಸಬೇಕು. ಅವರ ಕಡೆಯಿಂದ ಒಬ್ಬರು ಬಂದು ಕೂತು ನೋಡಿ, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಬರೆಯುತ್ತಾರೆ. ಆಗುತ್ತದೆ ಅಂದರೆ ಮುಂದಿನ ವರ್ಷದಿಂದ ಪಟ್ಟಿಯಲ್ಲಿ ಹೆಸರು, ಆಗುವುದಿಲ್ಲ ಅಂದರೆ ಇನ್ನೊಂದು ದೇಶ ಬಾಗಿಲಲ್ಲಿ ನಿಂತಿದೆ.

ಬೆಂಗಳೂರಿನ ಕಂಪನಿಯವರು ಮೂರು ಜಿಲ್ಲೆ ಸುತ್ತಿ ಹಾಸನ ಹಿಡಿದರು. ಚನ್ನರಾಯಪಟ್ಟಣದ ಕಡೆ ಎರಡು ರಸ್ತೆ, ಹೊಳೆನರಸೀಪುರದ ಕಡೆ ಎರಡು, ಅರಕಲಗೂಡಿನ ಕಡೆ ಒಂದು. ಆ ಒಂದು ದೇವರಾಜನದು. ಹಿರೇಕಲ್ಲಳ್ಳಿಯಿಂದ ರುದ್ರಪಟ್ಟಣದ ದಿಕ್ಕಿಗೆ ಹದಿಮೂರು ಕಿಲೋಮೀಟರ್. ಏರಿ, ಇಳಿಜಾರು, ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳ ನಡುವೆ ಹಾವಿನಂತೆ ಹೊರಳುವ ಹನ್ನೊಂದು ತಿರುವು. ಇಪ್ಪತ್ತೈದರ ವಯಸ್ಸಿನಲ್ಲಿ ಹಳೇ ಜಿಪ್ಸಿಯಲ್ಲಿ ಅವನು ಕಾರು ಓಡಿಸಲು ಕಲಿತದ್ದು ಈ ರಸ್ತೆಯಲ್ಲಿ. ಇಲ್ಲೇ ಕಲಿತು ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ನಡೆದ ರ್‍ಯಾಲಿಗಳಲ್ಲಿ ಕಪ್ಪು ಗೆದ್ದು ತಂದ. ಊರಿನವರು ಆ ಕಪ್ಪು ನೋಡಿ, "ಇದ್ರಲ್ಲಿ ಎಷ್ಟು ಸೇರು ಇಡಿಸ್ತದ್ಲಾ?" ಎಂದು ಕೇಳಿದ್ದರು. ಈಗ ಅವನಿಗೆ ಐವತ್ತೆರಡು. ಅರಕಲಗೂಡಿನಲ್ಲಿ ಟ್ರ್ಯಾಕ್ಟರು, ಜೀಪು ರಿಪೇರಿ ಮಾಡುವ ಗ್ಯಾರೇಜು. ಕಂಪನಿಯವರು ಬೇರೆ ರಸ್ತೆ ನೋಡಲು ಹೊರಟಾಗ ಅವರ ಕಾರಿಗೆ ಅಡ್ಡ ನಿಂತು, "ಒಂದ್ಸಲ ನನ್ ಜೊತೆ ಕೂತ್ಕೊಂಡು ಬನ್ನಿ, ಆಮ್ಯಾಕೆ ಓಗಿ" ಎಂದು ಹಟ ಹಿಡಿದು ಈ ಹದಿಮೂರು ಕಿಲೋಮೀಟರು ಗೆದ್ದಿದ್ದ. ಆ ತುಂಡಿಗೆ ಅವನೇ ಮುಖ್ಯಸ್ಥ. ಲೋಕವೆಲ್ಲ ಸುತ್ತಿ ಬಂದ ಚಕ್ರ ತನ್ನ ಊರಿನ ಡಾಂಬರಿನ ಮೇಲೆ ಒಂದು ಸಲ ಉರುಳಬೇಕು, ಉರುಳಿ ವರ್ಷವರ್ಷವೂ ಬರಬೇಕು. ಅವನಿಗಿದ್ದ ಆಸೆ ಇಷ್ಟೇ. ಸಣ್ಣ ಆಸೆಯೇನಲ್ಲ.

ಬೆಳಗ್ಗೆ ಆರಕ್ಕೆ ಅವನೇ ಈ ರಸ್ತೆ ಪೂರ್ತಿ ಓಡಿಸಿ ನೋಡಿದ್ದ. ಒಂದು ಕಡ್ಡಿಯೂ ಇರಲಿಲ್ಲ. ಇಬ್ಬನಿ ಆರುವ ತನಕ ಹುರುಳಿ ಹರಡುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ನೆನಪಾಗಲಿಲ್ಲ, ಅಷ್ಟೆ.

"ನಾನು ಕಣಪ್ಪ ಆಕ್ದೋಳು," ಎಂದು ಗಿಡದ ರಾಶಿಯ ಆಚೆಯಿಂದ ಮರಿಯಮ್ಮ ಎದ್ದು ನಿಂತಳು. ಎಪ್ಪತ್ತರ ಹತ್ತಿರದವಳು, ವರಸೆಯಲ್ಲಿ ಅವನಿಗೆ ಸೋದರತ್ತೆ. ಕೈಯಲ್ಲಿ ಗಿಡ ಮಗುಚುವ ಕವೆಗೋಲು. "ಬಾ, ಬಾ. ನಿನ್ನ ದೆಸೆಯಿಂದ ಈ ವರ್ಸ ಒಕ್ಕಣೆ ಅಗ್ಗವಾಗೋಯ್ತು. ಎಲ್ಲಿ ಕಾರು?"

ದೇವರಾಜ ಜಿಪ್ಸಿಯಿಂದ ಇಳಿದು ಎರಡು ಹೆಜ್ಜೆ ಇಟ್ಟನೋ ಇಲ್ಲವೋ, ಮರಿಯಮ್ಮ ಕವೆಗೋಲನ್ನು ಅಡ್ಡ ಚಾಚಿದಳು.

"ಮೆಟ್ಟು ಬಿಡ್ಲಾ! ಕಣ ಅದು!"

ನೋಡಿದರೆ ನಿಜವಾಗಿಯೂ ಕಣವೇ. ರಸ್ತೆಯ ನಡುಗೆರೆಯ ಮೇಲೆ ಸೆಗಣಿಯ ಬೆನಕ, ಅದರ ನೆತ್ತಿಗೆ ಗರಿಕೆ, ಅರಿಶಿನ ಕುಂಕುಮ, ಎರಡು ಊದುಬತ್ತಿ. ಪೂಜೆ ಆಗಿತ್ತು. ದೇವರಾಜ ಬೂಟು ಬಿಚ್ಚಿದ. ಕೋಪ ಬಿಚ್ಚಲಿಲ್ಲ.

"ಅತ್ತೆ, ನಿಂಗೆ ತಲೆ ನೆಟ್ಟಗೈತಾ? ಮೂರು ವಾರದಿಂದೆ ಅರಳಿಕಟ್ಟೇಲಿ ಕೂರಿಸ್ಕೊಂಡು ಏಳಿರಲಿಲ್ವಾ ನಾನು?"

"ಏಳ್ದೆ. ಏಳಿದ್ನೇ ಮಾಡಿವ್ನಿ."

"ಏನಂತ ಏಳಿದ್ದೆ?"

ಮರಿಯಮ್ಮ ಕವೆಗೋಲು ಊರಿಕೊಂಡು, ಪಾಠ ಒಪ್ಪಿಸುವ ಹಾಗೆ ಶುರು ಮಾಡಿದಳು. "ಬೆಳಗ್ಗೆ ಏಳೂವರೆಯಿಂದ ಸಂಜೆ ಐದ್ರ ಗಂಟ ಈ ರೋಡಲ್ಲಿ ಬಸ್ಸಿಲ್ಲ, ಬೈಕಿಲ್ಲ, ದನ ಇಲ್ಲ, ನಾಯಿ ಇಲ್ಲ, ನರಮನುಸ್ರು ಇಲ್ಲ ಅಂದೆ. ಬರೀ ಕಾರು ಅಂದೆ. ಅರವತ್ತು ಕಾರು, ಎರಡು ನಿಮುಸಕ್ಕೆ ಒಂದು, ಒಂದ್ಸಲ ಓಗಿ ಇನ್ನೊಂದ್ಸಲ ಬತ್ತವೆ ಅಂದೆ. ನಾನು ತೂಕ ಕೇಳ್ದೆ. ಒಂದೊಂದು ಅದಿಮೂರು ಕ್ವಿಂಟಾಲು ಕಣತ್ತೆ ಅಂತ ಎದೆ ಉಬ್ಬಿಸ್ಕೊಂಡು ಏಳ್ದೆ. ಏಳ್ದೋ ಇಲ್ವೋ?"

ದೇವರಾಜನ ಕಿವಿಯ ಕೆಂಪು ಕೆನ್ನೆಗಿಳಿಯಿತು. ಅವನು ಹೇಳಿದ್ದ. ಅಕ್ಷರಕ್ಕಕ್ಷರ ಹೇಳಿದ್ದ. ಆ ದಿನ ಮುದುಕಿ ತೂಕ ಕೇಳಿದಾಗ, ಪರವಾಗಿಲ್ಲವೇ, ಅತ್ತೆಗೂ ರ್‍ಯಾಲಿಯ ಮೇಲೆ ಮನಸ್ಸು ಬಂದಿದೆ ಎಂದು ಹಿಗ್ಗಿದ್ದ ಕೂಡ.

"ಬೆಳೆ ಆಕಿ ಅಂತ ಏಳಿದ್ನಾ?"

"ಆಕ್ಬ್ಯಾಡಿ ಅಂತ್ಲೂ ಏಳ್ಲಿಲ್ವಲ್ಲ. ನಾಯೀದೂ ಏಳ್ದೆ, ಕೋಳೀದೂ ಏಳ್ದೆ, ಉರುಳೀದು ಏಳ್ಲಿಲ್ಲ."

ರಾಗಿ ತೆನೆಯ ಕಡೆಯಿಂದ ಕೆಂಚಯ್ಯ ಬೀಡಿ ಆರಿಸಿಕೊಂಡು ಬಂದ. ಊರಿನಲ್ಲಿ ಯಾವ ಕೆಲಸವನ್ನೂ ಮೊದಲು ಮಾಡದ, ಎರಡನೆಯದಾಗಿ ಮಾಡದೆ ಬಿಡದ ಮನುಷ್ಯ. "ನಂದೇನಿಲ್ಲ ಕಣ್ಲಾ. ಮರ್‍ಯಮ್ಮ ಆಕುದ್ಲು, ನಾನೂ ಆಕ್ದೆ. ಬಸ್ಸಿನೋರಾದ್ರೆ ಬಯ್ಕೊಂಡು ಓಯ್ತಾರೆ, ಇವ್ರಾದ್ರೆ ಫಾರಿನ್ನೋರು, ಬೈದ್ರೂ ನಮಗೆ ತಿಳಿಯಾಕಿಲ್ಲ ಅಂತ."

"ಅವ್ರು ಬಯ್ಯಲ್ಲ ಮಾವ, ಸಾಯ್ತಾರೆ!" ದೇವರಾಜ ಕೂಗಿದ. "ನೂರೈವತ್ತರ ಸ್ಪೀಡಲ್ಲಿ ಏರಿ ಇಳ್ದು ಬತ್ತಾರೆ. ಕಾಳಿನ ಮ್ಯಾಲೆ ಚಕ್ರ ನಿಂತದಾ? ಗಿಡ ಸುತ್ಕೊಂಡು ಸೈಲೆನ್ಸರ್ ಕಾವಿಗೆ ಬೆಂಕಿ ಅತ್ಕಂಡ್ರೆ ಕಾರೂ ಇಲ್ಲ, ನಿಮ್ ಉರುಳೀನೂ ಇಲ್ಲ. ಎತ್ರಿ ಮೊದ್ಲು!"

ಬೆಂಕಿ ಅಂದಾಗ ಕೆಂಚಯ್ಯ ತನ್ನ ಬೀಡಿ ನೋಡಿಕೊಂಡು ಕಿವಿಯ ಹಿಂದೆ ಸಿಕ್ಕಿಸಿಕೊಂಡ. ಮರಿಯಮ್ಮ ಕದಲಲಿಲ್ಲ.

"ಎತ್ತಾಕಾಗಲ್ಲ."

"ಯಾಕಾಗಲ್ಲ?"

"ಬೆನಕ ಇಟ್ಟಾಯ್ತು. ಪೂಜೆ ಮಾಡಿ ಆಕಿದ ಕಣ ಒಕ್ಕದೆ ಎತ್ತಿದ್ರೆ ಮುಂದ್ಲ ವರ್ಸ ಕಾಯಿ ಕಟ್ಟಾಕಿಲ್ಲ. ನಮ್ಮತ್ತೆ ಕಾಲದಿಂದ್ಲೂ ಎತ್ತಿಲ್ಲ. ಮಳೆ ಬಂದಾಗ್ಲೂ ಎತ್ನಾಗೆ ಮೂರು ಸುತ್ತು ತುಳಿಸ್ಬಿಟ್ಟೇ ಎತ್ತಿರೋದು."

ದೇವರಾಜ ಬಾಯಿಗೆ ಬಂದದ್ದನ್ನು ನಾಲಿಗೆಯ ತುದಿಯಲ್ಲಿ ಹಿಡಿದ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ಈ ಮುದುಕಿ ರಸ್ತೆಯಲ್ಲೇ ಕೂತುಬಿಟ್ಟರೆ ಪೊಲೀಸರನ್ನು ಕರೆಸಬೇಕು. ಪೊಲೀಸರು ಬಂದರೆ ಊರು ಒಂದಾಗುತ್ತದೆ. ಊರು ಒಂದಾದರೆ ರ್‍ಯಾಲಿ ಮುಗಿಯಿತು. ಅವನು ಗಡಿಯಾರ ನೋಡಿದ. ಎಂಟೂ ಮೂವತ್ತೆರಡು.

"ಮೂರು ಸುತ್ತು ತುಳಿಸಿದ್ರೆ ಎತ್ತೀಯಾ?"

"ಮೂರು ಸುತ್ತಿಗೆ ಕಾಯಿ ಒಡೆಯಾಕಿಲ್ಲ ಕಣ್ಲಾ. ಶಾಸ್ತ್ರಕ್ಕಾಯ್ತದೆ ಅಷ್ಟೇಯ. ಉಳಿದದ್ದು?"

"ಉಳಿದದ್ದು ನಾಳೆ. ನಾಳೆ ಬೆಳಗ್ಗೆ ನಾನೇ ಮುಯ್ಯಾಳು ಬತ್ತೀನಿ. ಜಿಪ್ಸಿನೂ ಬತ್ತದೆ."

ಮರಿಯಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಮುಯ್ಯಾಳು ಅಂದರೆ ಕೂಲಿಯಲ್ಲ. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು ಎಂಬ ಲೆಕ್ಕವಿಲ್ಲದ ಲೆಕ್ಕ. ಇಪ್ಪತ್ತು ವರ್ಷದಿಂದ ದೇವರಾಜ ಯಾರ ಹೊಲಕ್ಕೂ ಮುಯ್ಯಾಳು ಹೋಗಿರಲಿಲ್ಲ. ಅವನ ಮನೆಯ ಕೆಲಸಕ್ಕೆ ಯಾರನ್ನೂ ಕರೆದೂ ಇರಲಿಲ್ಲ.

"ನನ್ನೊಬ್ಬಳ್ದಾ, ಎಲ್ಲಾರ್ದೂವಾ?"

"ಎಲ್ಲಾರ್ದೂ. ಐದು ಮನೆ. ಈಗ ಮನೆಗೆ ಇಬ್ಬರಂಗೆ ಕರೀರಿ, ಮೂರು ಸುತ್ತು ಆಗೋ ಒತ್ತಿಗೆ ಟಾರ್ಪಾಲು ತಂದು ನಿಂತಿರ್‍ಬೇಕು."

"ಬರಿಗಾಲಲ್ಲಿ ಓಡಿಸು ಮತ್ತೆ," ಎಂದಳು ಮರಿಯಮ್ಮ. ಕವೆಗೋಲು ಪಕ್ಕಕ್ಕೆ ಸರಿಯಿತು.

ಮೇಘಶ್ರೀ ವೈರ್‌ಲೆಸ್‌ನಲ್ಲಿ ಇಪ್ಪತ್ತು ನಿಮಿಷ ತಡ ಎಂದು ಹೇಳಲು ಹೊರಟಳು. "ಏನಂತ ಕಾರಣ ಕೊಡ್ಲಿ ಮಾಮ?" ಎಂದು ಕೇಳಿದಳು. ದೇವರಾಜ ಜಿಪ್ಸಿ ಹತ್ತುತ್ತಾ, "ಇದ್ದದ್ದು ಏಳು. ರಸ್ತೆ ಮ್ಯಾಲೆ ಬೆಳೆ ಐತೆ ಅಂತ ಏಳು," ಎಂದ.

ಒಂದು ಕಾಲದಲ್ಲಿ ಈ ತಿರುವನ್ನು ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರ ಜಾರಿಸಿಕೊಂಡು ದಾಟುತ್ತಿದ್ದ ಮನುಷ್ಯ, ಅದೇ ತಿರುವಿನಲ್ಲಿ ಮೊದಲನೇ ಗೇರಿನಲ್ಲಿ, ಗಾಣದ ಎತ್ತಿನ ಹಾಗೆ ಸುತ್ತತೊಡಗಿದ. ಬೆನಕನನ್ನು ಬಳಸಿಕೊಂಡು ಒಂದು ಸುತ್ತು. ಚಕ್ರದ ಕೆಳಗೆ ಕಾಯಿ ಪುಟುಪುಟು ಒಡೆಯುವ ಸದ್ದು. ಕೆಂಚಯ್ಯ ಮುಂದೆ ನಿಂತು, "ಬಲಕ್ಕೆ ಬಾ, ಆ ಅಂಚು ಉಳೀತು" ಎಂದು ಕೈ ಬೀಸಿದ. "ನಂಗೆ ರೋಡು ಏಳ್ಕೊಡ್ತೀಯಾ?" ಎಂದು ದೇವರಾಜ ಕಿಟಕಿಯಿಂದ ಗದರಿದ, ಬಲಕ್ಕೂ ಬಂದ. ಹೊಲದ ಬದುವಿನಿಂದ ಹೆಂಗಸರು, ಗಂಡಸರು ಟಾರ್ಪಾಲು, ಮಂಕರಿ, ಪೊರಕೆ ಹಿಡಿದು ಇಳಿದು ಬಂದರು.

ಎರಡನೇ ಸುತ್ತು ಮುಗಿದಿರಲಿಲ್ಲ. ಏರಿಯ ಮೇಲೆ ಬಿಳೀ ಕಾರೊಂದು ಕಾಣಿಸಿಕೊಂಡಿತು. ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ.

ಕಾರಿನಿಂದ ಇಳಿದವಳು ಇನೆಸ್. ಪೋರ್ಚುಗಲ್ಲಿನವಳು, ನಲವತ್ತೈದರ ಆಸುಪಾಸು, ಮೋಟು ಕೂದಲು, ಕುತ್ತಿಗೆಯಲ್ಲಿ ನಾಲ್ಕು ಬಣ್ಣದ ಪಾಸು. ಆಗುತ್ತದೆ, ಆಗುವುದಿಲ್ಲ ಎಂದು ಬರೆಯಬೇಕಾದವಳು ಅವಳೇ. ಅವಳ ಹಿಂದೆಯೇ ಇಳಿದವನು ಅರುಣ್‌ಕುಮಾರ್, ಬೆಂಗಳೂರಿನ ಕಂಪನಿಯ ಮ್ಯಾನೇಜರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥ ಮಾತು. ಅವನ ಮುಖ ಸುಣ್ಣದ ಹಾಗೆ ಬಿಳುಚಿತು. ಇನ್ನು ಗಂಟೆ ಹೊತ್ತಿಗೆ ಲೋಕದ ಕಾರುಗಳು ಹಾರಿ ಬರಬೇಕಾದ ತಿರುವಿನಲ್ಲಿ, ಆ ರಸ್ತೆಯ ಮುಖ್ಯಸ್ಥನೇ ಬರಿಗಾಲಲ್ಲಿ ಕೂತು ಹುರುಳಿ ತುಳಿಸುತ್ತಿದ್ದ.

"ದೇವರಾಜಣ್ಣ! ಏನ್ ಮಾಡ್ತಿದೀರಾ?"

"ಎರಡ್ನೇ ಸುತ್ತು!" ಎಂದು ಕೂಗಿ ದೇವರಾಜ ಮುಂದೆ ಹೋದ. ನಿಲ್ಲಿಸಿದರೆ ಮತ್ತೆ ಮೊದಲಿಂದ ಎಣಿಸಬೇಕು ಎಂದು ಮರಿಯಮ್ಮ ಅದಾಗಲೇ ಎಚ್ಚರಿಸಿದ್ದಳು.

ಇನೆಸ್ ಹತ್ತಿರಕ್ಕೆ ಬಂದಳು. ಕಣದ ಅಂಚಿನಲ್ಲಿ ಕವೆಗೋಲು ಅಡ್ಡ ಬಂತು. ಮರಿಯಮ್ಮ ಅವಳ ಬೂಟು ತೋರಿಸಿದಳು. ಅರುಣ್‌ಕುಮಾರ್ "ಅಜ್ಜಿ, ಅವರ್‍ಯಾರು ಗೊತ್ತಾ?" ಎಂದು ಮುನ್ನುಗ್ಗಿದ. "ಯಾರಾದ್ರೇನು, ಕಾಲಿಲ್ವಾ ಅವ್ರಿಗೆ?" ಎಂದಳು ಮರಿಯಮ್ಮ. ಮೇಘಶ್ರೀ ಓಡಿ ಬಂದು ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದಳು. ಇನೆಸ್ ಬೆನಕನನ್ನು ನೋಡಿದಳು, ಜಿಪ್ಸಿಯನ್ನು ನೋಡಿದಳು, ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದಳು. ಬಗ್ಗಿ ಒಂದು ಹಿಡಿ ಕಾಳು ತೆಗೆದು, ಡಾಂಬರಿನ ಮೇಲೆ ಹಾಕಿ, ಅಂಗಾಲಿನಿಂದ ಉಜ್ಜಿದಳು. ಅಂಗಾಲು ಜಾರಿತು. ಮುಖದಲ್ಲಿ ನಗುವಿರಲಿಲ್ಲ. ಪುಸ್ತಕ ತೆಗೆದು ಏನೋ ಬರೆದಳು.

ಮೂರನೇ ಸುತ್ತು ಮುಗಿಯಿತು. ಮರಿಯಮ್ಮ ಬೆನಕನನ್ನು ಎತ್ತಿ ಸೆರಗಿನಲ್ಲಿ ಇಟ್ಟುಕೊಂಡು, "ಊಂ, ಎತ್ರಿ," ಎಂದಳು.

ಆಮೇಲೆ ನಡೆದದ್ದನ್ನು ನೋಡಿದವರು ಈಗಲೂ ಹೇಳುತ್ತಾರೆ. ಹತ್ತು ಮಂದಿ ಸಾಲಾಗಿ ನಿಂತು ಕೈ ಹಾಕಿದರೆ ಹೊರೆ ಹೊರೆಯೇ ಎದ್ದು ಟಾರ್ಪಾಲಿಗೆ ಬೀಳುತ್ತಿತ್ತು. ನಾಲ್ಕು ಮೂಲೆ ಹಿಡಿದು ಎಳೆದರೆ ಬದುವಿನಾಚೆ. ಹಿಂದೆ ಪೊರಕೆಯವರು, ಅವರ ಹಿಂದೆ ಕಾಳು ಬಾಚುವವರು. ಒಂದು ಕಾಳು ಬಿಟ್ಟರೂ ಮರಿಯಮ್ಮ ಹೆಸರು ಹಿಡಿದು ಕೂಗುತ್ತಿದ್ದಳು. ದೇವರಾಜನ ಕೂಗಿಗಿಂತ ಅವಳ ಕೂಗಿಗೆ ಕೆಲಸ ಚುರುಕಾಗುತ್ತಿತ್ತು. ದೇವರಾಜ ಜಿಪ್ಸಿಯ ಹಿಂದಿದ್ದ ಗಾಳಿ ಪಂಪು ಇಳಿಸಿ ಸಂದಿಗೊಂದಿಯ ಧೂಳನ್ನು ಊದಿಸಿದ. ಕೊನೆಗೆ ಅವನೇ ಮಂಡಿಯೂರಿ ಕೂತು, ತಿರುವಿನ ಒಳ ಅಂಚನ್ನು ಅಂಗೈಯಲ್ಲಿ ಸವರಿ ನೋಡಿದ. ಒಂಬತ್ತೂ ಹತ್ತಕ್ಕೆ ರಸ್ತೆ ಕನ್ನಡಿಯಂತಾಯಿತು.

ಇನೆಸ್ ಆ ಇನ್ನೂರು ಹೆಜ್ಜೆಯನ್ನು ಬರಿಗಾಲಲ್ಲೇ ನಡೆದು, ವಾಪಸು ನಡೆದು, ಬೂಟು ಹಾಕಿಕೊಂಡಳು. ಮೇಘಶ್ರೀಗೆ ಏನೋ ಹೇಳಿ ಕಾರು ಹತ್ತಿದಳು.

"ಏನಂದ್ಳು?"

"ಓಡಿಸಿ ಅಂದ್ರು. ಸಂಜೆ ಆರಕ್ಕೆ ಹಾಸನಕ್ಕೆ ಬರಬೇಕಂತೆ ಮಾಮ, ನೀವೇ."

ಮೊದಲನೇ ಕಾರು ಹತ್ತು ಗಂಟೆಗೆ ಬಂತು. ನೀಲಿ ಬಣ್ಣದ್ದು. ಏರಿಯಿಂದ ಇಳಿಯುವಾಗ ನಾಲ್ಕೂ ಚಕ್ರ ನೆಲ ಬಿಟ್ಟವು. ಬಿದ್ದು, ಹಿಂಬದಿ ಒದರಿ, ತಿರುವಿನ ಒಳ ಅಂಚನ್ನು ಹಿಡಿದು, ಎಡಕ್ಕೆ ಹೊರಳಿ ಕಣ್ಣಿಗೆ ಮರೆಯಾಯಿತು. ಬದುವಿನ ಮೇಲಿದ್ದ ಊರು ಕತ್ತು ಹೊರಳಿಸಿ ಅದು ಹೋದ ದಿಕ್ಕನ್ನೇ ನೋಡಿತು. ಆಮೇಲೆ ಕೆಂಚಯ್ಯ ಕಿವಿಯ ಹಿಂದಿನ ಬೀಡಿ ತೆಗೆದು, "ಇವು ನಮ್ ರಾಗೀನ ತುಳೀತಿದ್ದಿಲ್ಲ ಕಣ, ಆರ್‍ಕೊಂಡೇ ಓಯ್ತಿದ್ವು," ಎಂದ.

ದೇವರಾಜ ನಗಲಿಲ್ಲ. ಅರವತ್ತು ಕಾರನ್ನೂ ಒಂದೊಂದಾಗಿ ಎಣಿಸಿದ. ಮಧ್ಯಾಹ್ನದ ಮೇಲೆ ಎರಡನೇ ಸಲವೂ ಎಣಿಸಿದ. ಒಂದೂ ಕೆಟ್ಟು ನಿಲ್ಲಲಿಲ್ಲ, ಒಂದೂ ರಸ್ತೆ ಬಿಟ್ಟು ಇಳಿಯಲಿಲ್ಲ. ಅವನ ರಸ್ತೆ ಅವನ ಮಾತು ಉಳಿಸಿತ್ತು. ಉಳಿದದ್ದು ಅವನ ಬಾಯಿ.

ಹಾಸನದ ಹೊರಗಿನ ಮೈದಾನದಲ್ಲಿ ಕಾರುಗಳನ್ನು ಬಿಚ್ಚಿ ಕಟ್ಟುವ ಡೇರೆಗಳ ಸಾಲು. ಅದರ ತುದಿಯಲ್ಲಿ ಇನೆಸ್‌ಳ ಡೇರೆ. ಜೊತೆಗೆ ಬಂದ ಮೇಘಶ್ರೀಯನ್ನು ಬಾಗಿಲಲ್ಲೇ ನಿಲ್ಲಿಸಿ, ಒಳಕ್ಕೆ ಹೋಗುವ ಮುಂಚೆ ಅರುಣ್‌ಕುಮಾರ್ ದೇವರಾಜನ ತೋಳು ಹಿಡಿದು ಪಕ್ಕಕ್ಕೆ ಕರೆದ.

"ದೇವರಾಜಣ್ಣ, ಮಿಕ್ಕಿದ್ದೆಲ್ಲಾ ಪಾಸು. ನಾಲ್ಕು ರಸ್ತೆಗೂ ಸರಿ ಅಂತ ಹಾಕಿದಾರೆ. ನಿಮ್ಮದೊಂದೇ ಬಾಕಿ. ಹೀಗೆ ರಸ್ತೆ ಮೇಲೆ ಬೆಳೆ ಹಾಕೋದು ಮುಂದಿನ ವರ್ಷ ಮತ್ತೆ ಆಗುತ್ತಾ ಅಂತ ಕೇಳ್ತಾರೆ. ಆಗಲ್ಲ ಅನ್ನಿ. ಒಂದೇ ಮಾತು."

"ಮತ್ತೆ ಆದ್ರೆ?"

"ಆಮೇಲೆ ನೋಡ್ಕೊಳ್ಳೋಣ. ಪೊಲೀಸ್ ಹಾಕಿಸೋಣ. ಈಗ ಆಗಲ್ಲ ಅನ್ನಿ."

ಇನೆಸ್ ಎದುರಿಗೆ ಕುರ್ಚಿ ತೋರಿಸಿದಳು. ಮೇಜಿನ ಮೇಲೆ ಹಾಳೆ. ಹಾಳೆಯಲ್ಲಿ ಎರಡು ಚೌಕ. ಇಂಗ್ಲಿಷ್ ಪೂರ್ತಿ ಬರದಿದ್ದರೂ, ಏಳನೇ ಕ್ಲಾಸಿನವರೆಗೆ ಊರ ಸ್ಕೂಲಿನಲ್ಲಿ ಕಲಿತ ದೇವರಾಜನಿಗೆ ಎಸ್ಸು, ನೋ ಓದಲು ಬರುತ್ತಿತ್ತು. ಅವಳು ಕೇಳಿದ್ದನ್ನು ಅರುಣ್‌ಕುಮಾರ್ ಕನ್ನಡಕ್ಕೆ ತಿರುಗಿಸಿದ. ಇದು ಯಾರ ತಪ್ಪು? ಮತ್ತೆ ಆಗುತ್ತದೆಯೇ?

"ತಪ್ಪು ನಂದು," ಎಂದ ದೇವರಾಜ. "ಊರಿನೋರಿಗೆ ನಾಯಿ ಕಟ್ಟಾಕಿ ಅಂದೆ, ಕೋಳಿ ಕೂಡಾಕಿ ಅಂದೆ. ಇದು ಒಕ್ಕಣೆ ತಿಂಗಳು ಅನ್ನೋದನ್ನ ಮರ್‍ತೆ. ಅವ್ರಿಗೆ ಕಾರು ಬರೋ ರೋಡು ಅಂದ್ರೆ ಕಣ. ನಾನು ಅಲ್ಲೇ ಉಟ್ಟೋನು, ನಂಗೆ ಗೊತ್ತಿರ್‍ಬೇಕಿತ್ತು. ಇನ್ನು ಎರಡ್ನೇದು. ಮತ್ತೆ ಆಯ್ತದೆ."

ಅರುಣ್‌ಕುಮಾರ್ ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದ. ದೇವರಾಜನಿಗೆ ಪದಗಳು ತಿಳಿಯಲಿಲ್ಲ. ಆದರೆ ಇನೆಸ್‌ಳ ಪೆನ್ನು ಯಾವ ಚೌಕದ ಕಡೆ ಸರಿಯಿತು ಎಂಬುದು ಕಂಡಿತು. ನೋ. ಮತ್ತೆ ಆಗುವುದಿಲ್ಲ.

ಅವನ ಕಿವಿ ಕೆಂಪಾಯಿತು.

ಆ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಬೇರೆಯವನು ಹೇಳಿಯಾಗಿತ್ತು. ಪೆನ್ನು ಇನ್ನೊಂದು ಗೆರೆ ಎಳೆದರೆ ಅವನ ರಸ್ತೆ ಲೋಕದ ಪಟ್ಟಿಗೆ ಸೇರುತ್ತಿತ್ತು. ದೇವರಾಜ ಮೇಜಿನ ಮೇಲೆ ಅಂಗೈ ಊರಿ ಎದ್ದ.

"ಮೇಡಂ, ಸ್ಟಾಪ್." ಬಾಗಿಲಿಗೆ ತಿರುಗಿ, "ಮೇಘಾ! ಒಳಿಕ್ಕೆ ಬಾ. ಈವಯ್ಯ ಏಳಿದ್ದು ನಾನೇಳಿದ್ದಲ್ಲ. ನಾನೇಳೋದ ಏಳು."

"ದೇವರಾಜಣ್ಣ, ಕೆಲಸ ಕೆಡಿಸ್ತಿದೀರಾ," ಎಂದ ಅರುಣ್‌ಕುಮಾರ್, ಹಲ್ಲು ಕಚ್ಚಿ.

"ಕೆಡಿಸ್ತಿರೋದು ನೀನು. ನಿಂದು ಒಂದು ವರ್ಸದ ಕೆಲ್ಸ, ನಂದು ದಿನಾ ಓಡಾಡೋ ರೋಡು. ಪೊಲೀಸ್ ಆಕಿಸಿ ಉರುಳಿ ನಿಲ್ಲಿಸ್ತೀಯಾ? ಕಾಯಿ ಒಣಗಿದ್ಮೇಲೆ ಒಲದಲ್ಲಿ ನಾಕು ದಿನ ಬಿಟ್ರೆ ಸಿಡಿದು ಮಣ್ಣಿಗೆ ಓಯ್ತದೆ. ಅದು ನಿನ್ನ ಮಾತಿಗೂ ಕಾಯಲ್ಲ, ಈಯಮ್ಮನ ಮಾತಿಗೂ ಕಾಯಲ್ಲ."

ಮೇಘಶ್ರೀ ಬಂದು ನಿಂತು ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಂದಳು. ಬೈಗುಳವನ್ನು ಬಿಟ್ಟಳೋ ಏನೋ, ಇನೆಸ್ ಅರುಣ್‌ಕುಮಾರನ ಕಡೆಗೂ ಒಮ್ಮೆ ನೋಡಿದ್ದರಿಂದ ಪೂರ್ತಿ ಬಿಟ್ಟಂತೆ ಕಾಣಲಿಲ್ಲ. ಪೆನ್ನು ಚೌಕದಿಂದ ಹಿಂದಕ್ಕೆ ಬಂತು.

"ಹಾಗಾದರೆ ಈ ರಸ್ತೆ ಬೇಡವೇ, ಅಂತ ಕೇಳ್ತಿದಾರೆ ಮಾಮ."

"ಬೇಕು. ರೋಡು ಇದೇ ಬೇಕು. ತಿಂಗಳು ಬದಲಾಯಿಸ್ಲಿ. ಜನವರಿ ಬ್ಯಾಡ. ಫೆಬ್ರವರಿ ಕೊನೆ ವಾರಕ್ಕೆ ಬರ್‍ಲಿ. ಆಗ ರಾಗಿ, ಉರುಳಿ ಎಲ್ಲಾ ಮನೆ ಸೇರಿರ್‍ತದೆ."

"ಆಗ ಶುಂಠಿ ಇರುತ್ತಲ್ಲ ಅಣ್ಣ? ಶುಂಠಿ ಲಾರಿ?" ಅರುಣ್‌ಕುಮಾರ್ ಕುಟುಕಿದ. ಅವನಿಗೂ ಇಷ್ಟು ದಿನದಲ್ಲಿ ಊರಿನ ಬೆಳೆ ಅಲ್ಪಸ್ವಲ್ಪ ತಿಳಿದಿತ್ತು.

"ಶುಂಠಿ ಭೂಮೀಲಿ ಕಾಯ್ತದೆ ಕಣಪ್ಪ. ಒಂದು ದಿನ ಅಲ್ಲ, ಒಂದು ತಿಂಗಳು ಬಿಟ್ರೂ ಕಾಯ್ತದೆ. ಲಾರಿ ನಿಲ್ಸು ಅಂದ್ರೆ ನಿಲ್ಲಿಸ್ತಾರೆ. ಅದಕ್ಕೆ ನಾನು ಜವಾಬ್ದಾರಿ, ಬೇಕಾದ್ರೆ ಬರ್‍ಕೊಡ್ತೀನಿ. ಉರುಳೀಗೆ ಬರ್‍ಕೊಡಲ್ಲ."

ಇನೆಸ್ ಕೇಳಿಸಿಕೊಂಡು ಕುರ್ಚಿಗೆ ಒರಗಿದಳು. ನಿಧಾನವಾಗಿ, ಮೇಘಶ್ರೀಗೆ ಬಿಡುವು ಕೊಟ್ಟು ಕೊಟ್ಟು ಹೇಳಿದಳು. ಹೋದ ವರ್ಷ ಇನ್ನೊಂದು ಹೊಸ ದೇಶದಲ್ಲಿ ಪರೀಕ್ಷೆ ನಡೆಯಿತು. ಕಾಡಿನ ರಸ್ತೆ, ಮರದ ದಿಮ್ಮಿ ಸಾಗಿಸುವ ಲಾರಿಗಳು. ಲಾರಿ ಬರುತ್ತದೆಯೇ ಎಂದು ಕೇಳಿದಳು, ಬರುವುದೇ ಇಲ್ಲ ಎಂದು ಮೂವರು ಸಹಿ ಹಾಕಿದರು. ಪಂದ್ಯದ ದಿನ ಲಾರಿ ಬಂತು. ಓಡಿಸುತ್ತಿದ್ದ ಹುಡುಗಿಯ ಎರಡೂ ಕಾಲು ಮುರಿದವು. ಆ ಹಾಳೆಯ ಮೇಲೆ ತನ್ನ ಸಹಿಯೂ ಇತ್ತು. ಹೊಸ ದೇಶಕ್ಕೆ ಹೋದಾಗಲೆಲ್ಲ ಎಲ್ಲರೂ ತನಗೆ ಆಗುವುದಿಲ್ಲ, ಬರುವುದಿಲ್ಲ ಎಂದೇ ಹೇಳುತ್ತಾರೆ. ಆಗುತ್ತದೆ ಎಂದು ಎದ್ದು ನಿಂತು ಕೂಗಿದವನನ್ನು ಇವತ್ತೇ ನೋಡಿದ್ದು.

"ಆದರೆ ಫೆಬ್ರವರಿ ಕೊನೇ ವಾರ ಬೇರೆ ದೇಶದ್ದಂತೆ ಮಾಮ. ಅವರು ಬಿಟ್ಟುಕೊಡ್ಬೇಕು. ಅದು ಇವರೊಬ್ಬರ ಕೈಲಿಲ್ಲವಂತೆ."

"ಆ ದೇಸದಲ್ಲಿ ಜನವರೀಲಿ ಏನು ಬೆಳೀತಾರೆ ಕೇಳು."

ಮೇಘಶ್ರೀ ಕೇಳಿದಳು. ಇನೆಸ್‌ಗೆ ಆ ದಿನ ಮೊದಲ ಸಲ ನಗು ಬಂತು. "ಏನೂ ಇಲ್ಲವಂತೆ. ಹಿಮ."

"ಮತ್ತೆ? ಇಮ ಜನವರೀಲೂ ಬೀಳ್ತದೆ, ಫೆಬ್ರವರೀಲೂ ಬೀಳ್ತದೆ. ಅವ್ರಿಗೇನು ಕೊಯ್ಲಾ ಒಕ್ಕಣೆಯಾ? ಇಂದಕ್ಕೆ ಮುಂದಕ್ಕೆ ಆಕ್ಕೊಳ್ಳೋಕೆ ಏಳು. ಅದಿನಾಲ್ಕು ದೇಸ ಸುತ್ತೋರಿಗೆ ನಾಲ್ಕು ವಾರ ಸರಿಸೋದು ದೊಡ್ಡದಾ?"

ಇನೆಸ್ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಎಸ್ ಎಂಬ ಚೌಕಕ್ಕೆ ಗುರುತು ಹಾಕಿದಳು: ಹೌದು, ಮತ್ತೆ ಆಗುತ್ತದೆ. ಅದರ ಕೆಳಗೆ ಆರೇಳು ಸಾಲು ಬರೆದಳು. ಬರೆದದ್ದನ್ನು ಮೇಘಶ್ರೀ ಓದಿ ಹೇಳಿದಳು. ರಸ್ತೆ ಉತ್ತಮ. ಊರಿನವರ ಸಹಕಾರ ಉತ್ತಮ. ಜನವರಿಯಲ್ಲಿ ಬೇಡ, ಫೆಬ್ರವರಿ ನಾಲ್ಕನೇ ವಾರಕ್ಕೆ ಶಿಫಾರಸು. ತಾರೀಖು ಬದಲಾಗದಿದ್ದರೆ ಈ ರಸ್ತೆ ಬಿಟ್ಟು ಉಳಿದ ನಾಲ್ಕರಲ್ಲಿ ನಡೆಸುವುದು. ಕೊನೆಯ ಸಾಲಿನಲ್ಲಿ ಇನ್ನು ಮುಂದೆ ಯಾವ ದೇಶಕ್ಕೆ ಹೋದರೂ ಮೊದಲು ಕೇಳಬೇಕಾದ ಪ್ರಶ್ನೆ ಇತ್ತು: ಆ ತಿಂಗಳಲ್ಲಿ ಜನ ರಸ್ತೆಯನ್ನು ಬೇರೆ ಯಾವುದಕ್ಕೆ ಬಳಸುತ್ತಾರೆ?

ಕೆಳಗೆ ಮುಖ್ಯಸ್ಥನ ಸಹಿ ಬೇಕಿತ್ತು. ದೇವರಾಜ ಕನ್ನಡದಲ್ಲಿ ಹಾಕಿದ. ದೊಡ್ಡ ಅಕ್ಷರ, ಚೌಕದಿಂದ ಆಚೆ ಹೋಯಿತು.

ಹೊರಗೆ ಬಂದಾಗ ಅರುಣ್‌ಕುಮಾರ್ ಅವನ ಜೊತೆ ಜಿಪ್ಸಿಯವರೆಗೆ ನಡೆದು ಬಂದ. ಕೋಪವಿತ್ತು, ಬಿಟ್ಟು ಹೋಗುವ ಮನಸ್ಸಿರಲಿಲ್ಲ.

"ಆ ದೇಶದವರು ಒಪ್ಪದೇ ಹೋದ್ರೆ? ನಿಮ್ಮ ರಸ್ತೆ ಒಂದೇ ಹೋಗೋದು. ಇಷ್ಟೆಲ್ಲಾ ಮಾಡಿ ನಿಮಗೇ ಇಲ್ಲ."

"ಒಪ್ತಾರೆ."

"ಹೆಂಗೆ ಗೊತ್ತು?"

"ಆ ನೀಲಿ ಕಾರಿನೋನು ಮಧ್ಯಾನ್ನ ಬಂದು ನನ್ ಕೈ ಇಡ್ಕಂಡು ಏನಂದ ಗೊತ್ತಾ? ನಂಗೆ ತಿಳೀಲಿಲ್ಲ. ಆದ್ರೆ ಬಿಡ್ಲಿಲ್ಲ ಕೈಯ. ಆ ರೋಡಲ್ಲಿ ಒಂದ್ಸಲ ಓಡಿಸ್ದೋನು ಇನ್ನೊಂದ್ಸಲ ಕೇಳ್ತಾನೆ. ಕೇಳೋದು ಅವ್ರು, ಕೊಡೋದು ನಾನು. ನೀನು ಊಟ ಮಾಡ್ಕಂಡು ಮಲಕ್ಕೋ ಓಗು."

ಅರುಣ್‌ಕುಮಾರ್ ಜಿಪ್ಸಿಯ ಬಾಗಿಲು ಹಿಡಿದುಕೊಂಡ. "ನಾಳೆ ಎಷ್ಟೊತ್ತಿಗೆ ಹೊರಡ್ತೀರಾ? ಬಹುಮಾನ ಹನ್ನೊಂದಕ್ಕೆ. ನೀವು ವೇದಿಕೆ ಮೇಲಿರಬೇಕು."

"ನಾಳೆ ಆಗಾಕಿಲ್ಲ. ಐದು ಮನೆ ಮುಯ್ಯಾಳು ಐತೆ."

ಹನ್ನೊಂದನೆಯ ದಿನ ಪಟ್ಟಿ ಬಂತು. ಅರುಣ್‌ಕುಮಾರನೇ ಫೋನು ಮಾಡಿದ. ಹಿಮದ ದೇಶದವರು ಮೊದಲು ಗೊಣಗಿ, ಆಮೇಲೆ ರೇಸ್ ಕಾರು ಓಡಿಸುವವರು ಒತ್ತಾಯಿಸಿದ್ದಕ್ಕೆ ಒಪ್ಪಿ, ಜನವರಿಗೆ ಹೋಗಿದ್ದರು. ಹದಿನಾಲ್ಕು ದೇಶಗಳ ಹೆಸರಿನಲ್ಲಿ ಎರಡನೆಯದು ಇಂಡಿಯಾ, ಫೆಬ್ರವರಿ ನಾಲ್ಕನೇ ವಾರ, ಐದೂ ರಸ್ತೆ. ಪಟ್ಟಿಯಲ್ಲಿ ಹಿರೇಕಲ್ಲಳ್ಳಿಯ ಹೆಸರಿರಲಿಲ್ಲ. ಹಾಸನದ ಹೆಸರೂ ಇರಲಿಲ್ಲ.

"ಹೆಸರು ಹಾಕಿಸೋಕೆ ಹೇಳ್ಲಾ ಅಣ್ಣ?" ಎಂದು ಅರುಣ್‌ಕುಮಾರ್ ಕೇಳಿದ.

"ಎಸ್ರು ಅಂಗಿರ್‍ಲಿ," ಎಂದ ದೇವರಾಜ. "ಏರಿ ಇಳ್ದ ಮ್ಯಾಲೆ ಒಂದು ಗುಂಡಿ ಬಿದ್ದೈತೆ. ಮೊದ್ಲು ಅದ್ನ ಮುಚ್ಚಾಕೆ ಏಳು."